ಹಿತ್ತಲಿನ ಕಿರಿಕಿರಿಗೂ ಒಂದು ಇತಿಹಾಸ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆ ಎಟಕುವಷ್ಟು ಹತ್ತಿರ ಇರುವುದಕ್ಕೆ ನಾವು ಬೆಲೆ ಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಹತ್ತಿರದ ಮದ್ದಿಗೆ ಬೆಲೆ ಕೊಡದ ನಾವು ಹತ್ತಿರದ ಅಪಾಯಕ್ಕೂ ಬೆಲೆ ಕೊಡುವುದಿಲ್ಲ. ಅಡವಿಗೆ ಹೋಗುವಾಗ ಕಾಲಿಗೆ ಬೂಟು, ಕೈಗೊಂದು ಬಡಿಗೆ ಹುಡುಕುವ ಮನುಷ್ಯ ತನ್ನ ಹಿತ್ತಲಿಗೆ ಬರಿಗಾಲಲ್ಲೇ ಇಳಿಯುತ್ತಾನೆ. ಕರಿಬೇವಿನ ಎಸಳು ತರಲು ಕತ್ತಲಲ್ಲೇ ಕೈ ಚಾಚುತ್ತಾನೆ. ಅದು ತನ್ನ ಮನೆಯ ನೆಲ, ತಾನೇ ನೆಟ್ಟ ಗಿಡ ಎಂಬ ಧೈರ್ಯ.

ಆದರೆ ಹಿತ್ತಲು ಕಂಪೌಂಡಿನ ನಾಲ್ಕು ಗೋಡೆಯೊಳಗೆ ಮುಗಿಯುವ ಜಗತ್ತಲ್ಲ. ಅಲ್ಲಿನ ಕಸ ಕಡಲಾಚೆಯಿಂದ ಬಂದದ್ದು. ಅಲ್ಲಿನ ಸೊಳ್ಳೆಗೂ ಊರಿನ ನಳದ ನೀರಿಗೂ ನಂಟಿದೆ. ಅಲ್ಲಿನ ಹಾವಿಗೆ ಪಂಚಮಿಯ ಹಬ್ಬದಷ್ಟೇ ಹಳೆಯ ಸಂಬಂಧ. ಮನೆಯ ಕೈತೋಟದಲ್ಲಿ ನಮಗೆ ಕಿರಿಕಿರಿ ಮಾಡುವ ಒಂದೊಂದಕ್ಕೂ ಒಂದೊಂದು ಚರಿತ್ರೆ ಉಂಟು. ಆ ಚರಿತ್ರೆ ತಿಳಿದರೆ ಕೈ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದೂ ತಿಳಿಯುತ್ತದೆ. ಹುಬ್ಬಳ್ಳಿ-ಧಾರವಾಡದ ಹಿತ್ತಲುಗಳನ್ನೇ ಇಟ್ಟುಕೊಂಡು ಅದನ್ನು ನೋಡಬಹುದು.

ಎರಿ ಮತ್ತು ಮಸಾರಿ

1962ರಲ್ಲಿ ಒಂದೇ ಮಹಾನಗರಪಾಲಿಕೆಯಾದರೂ ಈ ಅವಳಿ ನಗರಗಳ ಮಣ್ಣು ಒಂದಾಗಲಿಲ್ಲ. ಪಶ್ಚಿಮಕ್ಕೆ ಮಲೆನಾಡಿನ ಸೆರಗು ಹಿಡಿದು ಕುಳಿತ ಧಾರವಾಡದ ಗುಡ್ಡದ ಬದಿಯಲ್ಲಿ ಕೆಂಪು ಮಸಾರಿ ಮಣ್ಣು. ಪೂರ್ವಕ್ಕೆ ಬಯಲಿಗೆ ಬಾಯಿ ತೆರೆದ ಹುಬ್ಬಳ್ಳಿಯ ಸುತ್ತ ಕಪ್ಪು ಎರಿ. ಧಾರವಾಡದ ಆಪೂಸ್ ಮಾವು, ಪೇರಲ ಹೆಸರು ಮಾಡಿದ್ದಕ್ಕೆ ಹವೆಯ ಜೊತೆಗೆ ನೀರು ನಿಲ್ಲದ ಈ ಮಸಾರಿಯೂ ಕಾರಣ. ಮಾಳಮಡ್ಡಿ, ಸಾಧನಕೇರಿ, ಸಪ್ತಾಪುರಗಳ ಹಳೆಯ ಮನೆಗಳಲ್ಲಿ ಮನೆಗಿಂತ ಹಿತ್ತಲೇ ದೊಡ್ಡದಾಗಿರುತ್ತಿತ್ತು. ಬಚ್ಚಲ ನೀರು ಬಾಳಿಗೆ, ಪಾತ್ರೆ ತೊಳೆದ ನೀರು ತೆಂಗಿಗೆ ಎಂಬ ಏರ್ಪಾಡು ಇರುತ್ತಿತ್ತು.

ಎರಿ ಮಣ್ಣಿನ ಸ್ವಭಾವ ಬೇರೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಿಗುಟು ಕಣಗಳು ಅದರಲ್ಲಿ ಹೆಚ್ಚು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಂಪೌಂಡ್ ಗೋಡೆ ಸೀಳುವುದು, ಕಟ್ಟೆಯ ಫರಸಿ ಏಳುವುದು ಈ ಉಬ್ಬು-ಕುಗ್ಗಿನಿಂದಲೇ. ಹುಬ್ಬಳ್ಳಿಯಲ್ಲಿ ಬರೀ ಎರಿ ಮಣ್ಣನ್ನು ಕುಂಡಕ್ಕೆ ತುಂಬಿ ಗುಲಾಬಿ ನೆಟ್ಟವರು ಬೇರು ಕೊಳೆತು ಗಿಡ ಸಾಯುವುದನ್ನು ಕಂಡು ನರ್ಸರಿಯವನನ್ನು ಬೈಯುತ್ತಾರೆ. ತಪ್ಪು ನೀರು ಬಸಿಯದ ಮಣ್ಣಿನದು. ಮೂರರಲ್ಲಿ ಒಂದು ಪಾಲು ಉಸುಕು, ಒಂದು ಪಾಲು ಕೊಳೆತ ಗೊಬ್ಬರ ಬೆರೆಸಿದರೆ ಅದೇ ಎರಿ ಒಳ್ಳೆಯ ಮಣ್ಣಾಗುತ್ತದೆ. ಇನ್ನು ಬೇಸಿಗೆಯ ಆ ಬಿರುಕುಗಳು ಖಾಲಿ ಇರುವುದಿಲ್ಲ. ಚೇಳು, ಇಲಿ, ಇಲಿಯ ಹಿಂದೆ ಹಾವು ಅಲ್ಲಿ ಬಿಡಾರ ಮಾಡುತ್ತವೆ. ಆ ವಿಷಯಕ್ಕೆ ಮುಂದೆ ಬರೋಣ.

ಕಾಂಗ್ರೆಸ್ ಕಸ ಬಂದ ದಾರಿ

ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ನೆಟ್ಟದ್ದಕ್ಕಿಂತ ಮೊದಲು ಏಳುವುದು ನೆಡದೇ ಇದ್ದದ್ದು. ಅದರಲ್ಲಿ ಪಾರ್ಥೇನಿಯಂ, ಅಂದರೆ ನಮ್ಮ ಜನ ಕಾಂಗ್ರೆಸ್ ಕಸ ಎನ್ನುವುದಕ್ಕೆ ಮೊದಲ ಸ್ಥಾನ. ಅಮೆರಿಕ ಖಂಡದ ಉಷ್ಣಪ್ರದೇಶದ ಈ ಗಿಡವನ್ನು ಸ್ವತಂತ್ರ ಭಾರತದಲ್ಲಿ ಗುರುತಿಸಿ ದಾಖಲಿಸಿದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಆಗ ಅಮೆರಿಕದಿಂದ ಪಿ.ಎಲ್. 480 ಯೋಜನೆಯಡಿ ಹಡಗುಗಟ್ಟಲೆ ಗೋಧಿ ಬರುತ್ತಿತ್ತು. ಅದರ ಜೊತೆಗೇ ಈ ಬೀಜವೂ ಬಂತು ಎಂಬುದು ಜನಜನಿತ ಮಾತು. ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲೇ ಈ ಗಿಡ ಭಾರತದಲ್ಲಿ ಇತ್ತೆಂದು ತೋರಿಸುವ ಸಸ್ಯಶಾಸ್ತ್ರದ ದಾಖಲೆಗಳೂ ಇವೆ. ಮೊದಲು ಕಾಲಿಟ್ಟದ್ದು ಯಾವಾಗಲೇ ಇರಲಿ, ದೇಶದ ತುಂಬ ಹಬ್ಬಿದ್ದು ಐವತ್ತರ ದಶಕದ ನಂತರ. ಹೆಸರಿನ ಬಗ್ಗೆಯೂ ಎರಡು ಮಾತು. ಬಿಳಿ ಹೂವು ಕಾಂಗ್ರೆಸ್ಸಿಗರ ಬಿಳಿ ಟೊಪ್ಪಿಗೆಯಂತೆ ಕಂಡಿತು ಎನ್ನುವವರು ಕೆಲವರು, ಗೋಧಿ ತರಿಸಿದ ಸರ್ಕಾರದ ಹೆಸರೇ ಗಿಡಕ್ಕೂ ಅಂಟಿತು ಎನ್ನುವವರು ಕೆಲವರು.

ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಘೋಷಣೆಗೆ ಗಿಡ ಹೆದರಲಿಲ್ಲ. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಸುತ್ತಲಿನ ಬೇರೆ ಗಿಡ ಮೊಳೆಯದಂತೆ ತಡೆಯುವ ರಸವನ್ನು ಮಣ್ಣಿಗೆ ಬಿಡುತ್ತದೆ. ಮನುಷ್ಯನಿಗೆ ಅದರ ತೊಂದರೆ ಎರಡು ಬಗೆ. ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ತಾಗಿದರೆ ತುರಿಕೆ, ಕೆಂಪು, ದಪ್ಪಗಾದ ಚರ್ಮ. ವಿಶೇಷವೆಂದರೆ ಈ ಅಲರ್ಜಿ ಮೊದಲ ದಿನವೇ ಬರುವುದಿಲ್ಲ. ಹಲವು ವರ್ಷ ಬರಿಗೈಯಲ್ಲಿ ಕಸ ಕಿತ್ತು ಏನೂ ಆಗದವರಿಗೆ ಒಂದು ವರ್ಷ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಒಮ್ಮೆ ಶುರುವಾದರೆ ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಒಣ ಪುಡಿಯೇ ಸಾಕು. ಮುಖ, ಕುತ್ತಿಗೆ, ಮೊಣಕೈ ಸಂದಿಗಳಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ. ‘ನನಗೇನೂ ಆಗುವುದಿಲ್ಲ’ ಎಂದು ಹೇಳುವವರೇ ಮೊದಲು ಕೈಗವಸು ಹಾಕಿಕೊಳ್ಳಬೇಕು.

ಕೀಳುವ ಹೊತ್ತೂ ಮುಖ್ಯ. ಹೂ ಬಿಡುವ ಮುನ್ನ, ಮಳೆಯಿಂದ ನೆಲ ಮೆತ್ತಗಿರುವಾಗ ಬೇರುಸಮೇತ ಕಿತ್ತರೆ ಅದೇ ಕಸ ಗೊಬ್ಬರದ ಗುಂಡಿಗೆ ಆಹಾರ. ಹೂ ಬಿಟ್ಟ ಮೇಲೆ ಗುಂಡಿಗೆ ಹಾಕಿದರೆ ಮುಂದಿನ ವರ್ಷ ನಾವೇ ಅದನ್ನು ಬಿತ್ತಿದಂತೆ. ಇನ್ನೊಂದು ಮಾತು: ಈ ಗಿಡದ ಎಲೆ ತಿನ್ನುವ, ಬಿಳಿ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿಯೊಂದಿದೆ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ ಅದು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ಜಾಲರಿಯಂತೆ ತೂತು ಬಿದ್ದದ್ದು ಕಂಡರೆ ಅದು ಅವುಗಳ ಕೆಲಸ. ‘ಹುಳ ಬಿದ್ದಿದೆ’ ಎಂದು ಅವಕ್ಕೆ ಔಷಧ ಹೊಡೆಯಬಾರದು.

ಬೇಲಿ ಹಾರಿ ಹೋದ ಗಿಡಗಳು

ಹೊರಗಿನದೆಲ್ಲ ಒಳಗೆ ಬಂದು ಕಾಡಿತು ಎಂದು ದೂರುವಾಗ ಒಳಗಿನದೂ ಹೊರಗೆ ಹೋಗಿ ಕಾಡಿದ್ದನ್ನು ಮರೆಯಬಾರದು. ಇಂದು ಕಾಡಿನಂಚನ್ನೆಲ್ಲ ಆವರಿಸಿರುವ ಲಂಟಾನ ಮೊದಲು ಈ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಚೆಂದದ ಹೂವಿನ ಗಿಡವಾಗಿ. ಅಂತರಗಂಗೆಯದೂ ಅದೇ ಕಥೆ. ದಕ್ಷಿಣ ಅಮೆರಿಕದ ಆ ನೇರಳೆ ಹೂವಿನ ಜಲಸಸ್ಯವನ್ನು ಅಂದಕ್ಕೆಂದು ಬಂಗಾಳಕ್ಕೆ ತಂದರು. ಈಗ ಅದು ನಮ್ಮ ಉಣಕಲ್ ಕೆರೆಯನ್ನೇ ಹಸಿರು ಚಾಪೆಯಾಗಿ ಮುಚ್ಚಿ, ವರ್ಷ ವರ್ಷ ಯಂತ್ರ ತಂದು ತೆಗೆಸಬೇಕಾದ ಸ್ಥಿತಿ ತಂದದ್ದನ್ನು ಹುಬ್ಬಳ್ಳಿಗರು ಕಣ್ಣಾರೆ ಕಂಡಿದ್ದಾರೆ. ತೊಟ್ಟಿಯಲ್ಲಿ ಹೆಚ್ಚಾಯಿತೆಂದು ಅಂತರಗಂಗೆಯನ್ನು ಗಟಾರಕ್ಕೆ ಎಸೆಯುವವರು ಆ ಗಟಾರ ಯಾವ ಕೆರೆಗೆ ಸೇರುತ್ತದೆ ಎಂದು ಒಮ್ಮೆ ಯೋಚಿಸಬೇಕು.

ಗಿಡದ ಜೊತೆ ಹುಳವೂ ಪ್ರಯಾಣ ಮಾಡುತ್ತದೆ. ಪಪ್ಪಾಯಿ, ದಾಸವಾಳದ ಕುಡಿಗೆ ಹತ್ತಿಯಂತೆ ಮೆತ್ತಿಕೊಳ್ಳುವ ಹಿಟ್ಟು ತಿಗಣೆ ಹಿತ್ತಲಿಗರಿಗೆ ಹಳೆಯ ಪರಿಚಯ. ಅದರಲ್ಲಿ ಪಪ್ಪಾಯಿಯ ತಿಗಣೆ ಮೆಕ್ಸಿಕೋ ಮೂಲದ್ದು. 2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು ಎರಡು ವರ್ಷದಲ್ಲಿ ದಕ್ಷಿಣದ ರಾಜ್ಯಗಳಿಗೆ ಹರಡಿತು. ರೈತರು ಔಷಧ ಹೊಡೆದು ಸೋತರು. ಮೇಣದ ಹೊದಿಕೆಯ ಕೆಳಗೆ ಅದು ಕ್ಷೇಮವಾಗಿತ್ತು. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ತಂದ ಸಾಸಿವೆಗಿಂತ ಸಣ್ಣ ಪರತಂತ್ರ ಕಣಜವೊಂದು ಕೆಲವೇ ತಿಂಗಳಲ್ಲಿ ಅದನ್ನು ಹತೋಟಿಗೆ ತಂದಿತು. ಮನೆಯ ಮಟ್ಟಿಗೆ ಇದರ ಪಾಠ ಸರಳ. ನರ್ಸರಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ಉಳಿದವುಗಳಿಂದ ದೂರ ಇಡುವುದು. ತಿಗಣೆ ಕಂಡರೆ ಮೊದಲು ಆ ಕುಡಿ ಚಿವುಟಿ ತೆಗೆದು, ಜೋರಾಗಿ ನೀರು ಹೊಡೆದು, ಸಾಬೂನು ನೀರು ಅಥವಾ ಬೇವಿನೆಣ್ಣೆ ಚಿಮುಕಿಸುವುದು.

ನೀರು ಹಿಡಿದಿಡುವ ಊರು

ಅವಳಿ ನಗರದ ಹಿತ್ತಲಿನ ಮಾತು ನೀರಿಲ್ಲದೆ ಮುಗಿಯದು. 1950ರ ದಶಕದಲ್ಲಿ ಕಲಘಟಗಿ ರಸ್ತೆಯ ಕಡೆ ನೀರಸಾಗರ ಕಟ್ಟಿದರು. ಬಳಿಕ ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆಯ ನೀರು ಬಂತು. ಊರು ನೀರಿಗಿಂತ ಬೇಗ ಬೆಳೆಯಿತು. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನಳ ಬಂದ ದಿನಗಳನ್ನು ಇಲ್ಲಿನ ಗೃಹಿಣಿಯರು ಮರೆತಿಲ್ಲ. 2008ರ ಹೊತ್ತಿಗೆ ಎಂಟು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ದೇಶದಲ್ಲೇ ಅದು ಮಾತಿಗೆ ವಸ್ತುವಾಯಿತು. ಉಳಿದ ಬಡಾವಣೆಗಳಲ್ಲಿ ಮಾತ್ರ ‘ನಳ ಬಂತು’ ಎಂದರೆ ಬಿಂದಿಗೆ, ಬ್ಯಾರಲ್, ಹಂಡೆ, ಹಳೆಯ ಪೇಂಟಿನ ಡಬ್ಬಿ, ಎಲ್ಲವನ್ನೂ ತುಂಬುವ ಗಡಿಬಿಡಿ. ಗಿಡಕ್ಕೆಂದು ಇಟ್ಟ ನೀರು ಸಾಮಾನ್ಯವಾಗಿ ಹಿತ್ತಲಿನಲ್ಲಿ, ಮುಚ್ಚಳವಿಲ್ಲದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇದೇ. ಅದು ಕೊಳಚೆಯ ಸೊಳ್ಳೆಯಲ್ಲ, ಮನೆಯ ಸೊಳ್ಳೆ. ಸ್ವಚ್ಛ ನೀರು, ನೆರಳು, ಮನುಷ್ಯರ ಸಮೀಪ, ಈ ಮೂರೂ ಹಿತ್ತಲಿನಲ್ಲಿ ಒಟ್ಟಿಗೆ ಸಿಗುತ್ತವೆ. ಕುಂಡದ ಕೆಳಗಿನ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟೈರು, ಹಕ್ಕಿಗೆಂದು ಇಟ್ಟ ಮಣ್ಣಿನ ಪರಟೆಯೂ ಅದಕ್ಕೆ ಸಾಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಂದು ದಿನ ಎಲ್ಲ ಪಾತ್ರೆ ಬರಿದು ಮಾಡಿ ಒಣಗಿಸಬೇಕೆಂದು ಆರೋಗ್ಯ ಇಲಾಖೆ ಹೇಳುವುದರ ಲೆಕ್ಕ ಇದೇ. ಬರೀ ನೀರು ಚೆಲ್ಲಿದರೆ ಸಾಲದು. ನೀರಿನ ಮಟ್ಟದಲ್ಲಿ ಪಾತ್ರೆಯ ಒಳಗೋಡೆಗೆ ಅಂಟಿಸಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿ, ನೀರು ತಾಗಿದ ಕೂಡಲೆ ಒಡೆಯುತ್ತದೆ. ಆದ್ದರಿಂದ ನಾರಿನಿಂದ ತಿಕ್ಕಿ ತೊಳೆಯಬೇಕು. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಬಿಗಿಯಾದ ಮುಚ್ಚಳ ಅಥವಾ ಗಪ್ಪಿ ಮೀನು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಗ್ರಾಮಗಳಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ಕುಂಡದ ತಟ್ಟೆಯ ನೀರು ಕಾಯದೆಗೆ ಸಿಕ್ಕಿದ್ದು ಹೀಗೆ. ಆದರೆ ನಳ ವಾರಕ್ಕೊಮ್ಮೆ ಬರುವ ಮನೆಯಲ್ಲಿ ನೀರು ಹಿಡಿದಿಡುವುದು ಶೋಕಿಯಲ್ಲ, ಅನಿವಾರ್ಯ. ಮುಚ್ಚಳ ಹಾಕುವ ಜವಾಬ್ದಾರಿ ಮನೆಯವರದು; ನೀರು ಹಿಡಿದಿಡಬೇಕಾದ ಸ್ಥಿತಿ ತಪ್ಪಿಸುವ ಜವಾಬ್ದಾರಿ ಊರಿನದು.

ದೀಪ ಹಚ್ಚಿದ ಮೇಲೆ

ಹಳೆಯ ಮನೆಗಳಲ್ಲಿ ಹಿತ್ತಲಿಗೆ ಒಂದು ಶಾಸ್ತ್ರವೇ ಇತ್ತು. ದೀಪ ಹಚ್ಚಿದ ಮೇಲೆ ಹೂ, ಎಲೆ ಹರಿಯಬಾರದು. ರಾತ್ರಿ ಹಾವಿನ ಹೆಸರು ಎತ್ತಬಾರದು, ‘ಹುಳ’ ಎನ್ನಬೇಕು. ಕಚ್ಚಿದರೂ ‘ಹುಳ ಮುಟ್ಟೈತಿ’ ಎನ್ನುತ್ತಾರೆಯೇ ಹೊರತು ಬೇರೆ ಮಾತಿಲ್ಲ. ನಾಗರ ಪಂಚಮಿಯ ದಿನ ನೆಲ ಅಗೆಯಬಾರದು, ಕುಡುಗೋಲು ಹಿಡಿಯಬಾರದು. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಜೋಕಾಲಿ, ತರಾವರಿ ಉಂಡಿ, ತವರಿಗೆ ಬಂದ ಹೆಣ್ಣುಮಕ್ಕಳು. ಅದು ಬರುವುದು ಶ್ರಾವಣದಲ್ಲಿ, ಬಿಲಗಳಿಗೆ ನೀರು ನುಗ್ಗಿ ಹಾವುಗಳು ಮೇಲೆ ಬರುವ ಕಾಲದಲ್ಲಿ. ಈ ಕಟ್ಟಳೆಗಳನ್ನು ಮಾಡಿದವರ ಮನಸ್ಸಿನಲ್ಲಿ ಭಕ್ತಿ ಎಷ್ಟಿತ್ತು, ಎಚ್ಚರ ಎಷ್ಟಿತ್ತು ಎಂದು ಬೇರ್ಪಡಿಸಿ ಹೇಳಲಾಗದು. ಪಾಲಿಸಿದವರಿಗೆ ಎರಡರ ಫಲವೂ ಸಿಕ್ಕಿತು.

ಅಂಕಿ-ಸಂಖ್ಯೆ ಆ ಎಚ್ಚರವನ್ನು ಸಮರ್ಥಿಸುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗಿನವು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಿಯಮ ಮಾಡಿತು.

ಹಾವು ಹಿತ್ತಲಿಗೆ ಬರುವುದು ನಮ್ಮನ್ನು ಹುಡುಕಿ ಅಲ್ಲ, ಇಲಿ-ಕಪ್ಪೆಗಳನ್ನು ಹುಡುಕಿ. ಮೂಲೆಯಲ್ಲಿ ಒಟ್ಟಿದ ಕಟ್ಟಿಗೆ, ಒಡೆದ ಹಂಚು, ಇಟ್ಟಂಗಿಯ ಗುಂಪು, ತೆಂಗಿನ ಗರಿ ಇವೇ ಅದರ ಮನೆ. ಕಟ್ಟಿಗೆಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಇಟ್ಟರೆ, ಗೋಡೆಯ ಬುಡ ಬೋಳಾಗಿ ಇಟ್ಟರೆ, ಕತ್ತಲಲ್ಲಿ ಬ್ಯಾಟರಿ ಹಿಡಿದು ಇಳಿದರೆ ಮುಕ್ಕಾಲು ಅಪಾಯ ತಪ್ಪಿತು. ಎಲೆ ರಾಶಿಯನ್ನು ಕೈಯಿಂದ ಬಾಚುವ ಮೊದಲು ಸಲಕಿಯಿಂದ ಸರಿಸುವುದು, ಹೊರಗೆ ಬಿಟ್ಟ ಬೂಟನ್ನು ಕೊಡವಿ ಹಾಕಿಕೊಳ್ಳುವುದು ಕೂಡ ಇದೇ ಸಾಲಿನವು.

ಹಳೆಯ ಶಾಸ್ತ್ರ ದಾರಿ ತಪ್ಪಿಸುವುದು ಕಚ್ಚಿದ ಮೇಲೆ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬೇರು ಅರೆದು ಕುಡಿಸುವುದು, ಮಂತ್ರ ಹಾಕಿಸುವುದು ಇವುಗಳಿಂದ ವಿಷ ಇಳಿಯುವುದಿಲ್ಲ, ಹೊತ್ತು ಕಳೆಯುತ್ತದೆ. ಆ ಹೊತ್ತೇ ಪ್ರಾಣ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಿಸದೆ, ಮುರಿದ ಎಲುಬಿಗೆ ಮಾಡುವಂತೆ ದಬ್ಬೆ ಕಟ್ಟಿ, ಉಂಗುರ-ಬಳೆ-ಕಾಲ್ಗೆಜ್ಜೆ ತೆಗೆದು, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಹುಬ್ಬಳ್ಳಿಯವರಿಗೆ ಕಿಮ್ಸ್ ಎಂದೇ ಜನ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆ, ಧಾರವಾಡದವರಿಗೆ ಜಿಲ್ಲಾ ಆಸ್ಪತ್ರೆ ಇದ್ದೇ ಇವೆ. ಹಾವನ್ನು ಹೊಡೆದು ತರಬೇಕಾಗಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. ಕಟ್ಟುಹಾವು ಕಚ್ಚಿದರೆ ನೋವು, ಬಾವು ಹೆಚ್ಚು ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ನೋವಿಲ್ಲ ಎಂದು ಮಲಗಿದವರು ಬೆಳಗಾಗುವುದರೊಳಗೆ ಉಸಿರಾಡಲಾಗದ ಸ್ಥಿತಿಗೆ ಬರುತ್ತಾರೆ.

ಚೇಳಿನ ಮಾತೂ ಹೀಗೆಯೇ. ಕೆಂಪು ಚೇಳು ಕಡಿದು, ವಿಶೇಷವಾಗಿ ಮಕ್ಕಳು, ಹೃದಯ ಸೋತು ಸಾಯುತ್ತಿದ್ದ ಕಾಲವಿತ್ತು. ನೆರೆಯ ಮಹಾರಾಷ್ಟ್ರದ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯಿಂದ ಆ ಸಾವುಗಳನ್ನು ತಡೆಯಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಳಿಗೆ ಕೆಲಸ ಮಾಡುವುದು ಹೊತ್ತಿಗೆ ಸಿಕ್ಕರೆ ಮಾತ್ರ. ಮಗು ಬೆವರಿ, ವಾಂತಿ ಮಾಡಿ, ಕೈಕಾಲು ತಣ್ಣಗಾದರೆ ಉಳ್ಳಾಗಡ್ಡಿ ತಿಕ್ಕುತ್ತ ಕೂರುವ ಸಮಯ ಅದಲ್ಲ.

ಮುಳ್ಳು, ಹಾಲು, ಕಂಬಳಿಹುಳ

ಇವಕ್ಕೆ ಹೋಲಿಸಿದರೆ ಗುಲಾಬಿಯ ಮುಳ್ಳು ಚುಚ್ಚುವುದು ಏನೂ ಅಲ್ಲ ಎನಿಸಬಹುದು. ಆದರೆ ಧನುರ್ವಾಯುವಿನ ಬೀಜಾಣು ಇರುವುದು ಮಣ್ಣಿನಲ್ಲಿ, ಸೆಗಣಿ ಗೊಬ್ಬರದಲ್ಲಿ. ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಧನುರ್ವಾಯು ಎಂಬ ನಂಬಿಕೆ ತಪ್ಪು. ತುಕ್ಕಿಗೂ ರೋಗಕ್ಕೂ ಸಂಬಂಧವಿಲ್ಲ, ಆಳವಾದ ಗಾಯಕ್ಕೆ ಮಣ್ಣು ಸೇರುವುದೇ ಕಾರಣ. ಹೊಸ ತಾಯಂದಿರಲ್ಲಿ, ಶಿಶುಗಳಲ್ಲಿ ಈ ರೋಗವನ್ನು ನಿರ್ಮೂಲನೆ ಮಾಡಿದ್ದೇವೆಂದು ಭಾರತ 2015ರಲ್ಲಿ ಘೋಷಿಸಿಕೊಂಡದ್ದು ಲಸಿಕೆ ಮತ್ತು ಸ್ವಚ್ಛ ಹೆರಿಗೆಯ ಬಲದಿಂದ. ವಯಸ್ಸಾದ ಹಿತ್ತಲಿಗರು ಮಾತ್ರ ಕೊನೆಯ ಚುಚ್ಚುಮದ್ದು ಯಾವಾಗ ಎಂಬುದನ್ನು ಮರೆತಿರುತ್ತಾರೆ. ಹತ್ತು ವರ್ಷ ದಾಟಿದ್ದರೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಗಿಡಗಳಲ್ಲೂ ವಿಷದವಿವೆ. ಪೂಜೆಗೆ ಬೆಳೆಸುವ ಕಣಗಿಲೆಯ ಎಲೆ, ಬೀಜ ಎಲ್ಲವೂ ಹೃದಯದ ಬಡಿತ ಕೆಡಿಸುವಂಥವು. ಎಕ್ಕೆಯ ಹಾಲು ಕಣ್ಣಿಗೆ ಹಾರಿದರೆ ಕಣ್ಣ ಪಾಪೆ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ಕೂಡಲೇ ಶುದ್ಧ ನೀರಿನಿಂದ ಹದಿನೈದು ನಿಮಿಷ ತೊಳೆದು ನೇತ್ರವೈದ್ಯರ ಬಳಿ ಹೋಗಬೇಕು. ಬೇಲಿಯ ಕಳ್ಳಿಯ ಹಾಲೂ ಅಂಥದೇ. ಪಡಸಾಲೆಯ ಅಂದಕ್ಕೆ ಇಡುವ ಡೈಫೆನ್‌ಬಾಕಿಯಾದ ಎಲೆಯನ್ನು ಕೂಸು ಕಚ್ಚಿದರೆ ನಾಲಿಗೆ ಊದುತ್ತದೆ. ಅದರಲ್ಲಿರುವುದು ಸೂಜಿಯಂತಹ ಆಕ್ಸಲೇಟ್ ಹರಳು. ಕೆಸುವಿನ ಎಲೆಯಲ್ಲಿರುವುದೂ ಅದೇ. ಪತ್ರೊಡೆಗೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಬೇಕೆಂದು ಅಜ್ಜಿಯರು ಹಟ ಹಿಡಿಯುವುದು ಅದಕ್ಕೇ.

ನುಗ್ಗೆಯ ಗಿಡ ಮನೆಗೆ ಹತ್ತಿರ ಬೇಡ ಎಂಬ ಮಾತಿಗೂ ಅನುಭವದ ಬಲವಿದೆ. ಅದರ ಟೊಂಗೆ ಸದರಾಗಿ ಮುರಿಯುತ್ತದೆ. ಕಾಯಿ ಹರಿಯಲು ಹತ್ತಿ ಬಿದ್ದವರ ಸೊಂಟವೇ ಸಾಕ್ಷಿ. ಮಳೆಗಾಲದಲ್ಲಿ ಅದರ ಕಾಂಡದ ಮೇಲೆ ಗುಂಪಾಗಿ ಕೂಡುವ ಕಂಬಳಿಹುಳುಗಳ ರೋಮ ಒಣಗಲು ಹಾಕಿದ ಬಟ್ಟೆಗೆ ತಾಗಿದರೆ ಮನೆಮಂದಿಗೆಲ್ಲ ತುರಿಕೆ. ತಾಗಿದ ಜಾಗವನ್ನು ಉಜ್ಜಬಾರದು. ಅಂಟಿನ ಪಟ್ಟಿಯೊಂದನ್ನು ಒತ್ತಿ ಎಳೆದರೆ ರೋಮ ಅದರೊಂದಿಗೆ ಬರುತ್ತವೆ. ಆಮೇಲೆ ಸಾಬೂನು ನೀರು.

ಬಾಟಲಿಯ ವಿಷ

ಹುಳು ಕಂಡ ಕೂಡಲೆ ಅಂಗಡಿಗೆ ಓಡುವುದು ಕೈತೋಟದ ಎಲ್ಲಕ್ಕಿಂತ ದೊಡ್ಡ ಅಪಾಯ. ಹೊಲಕ್ಕೆಂದು ತಯಾರಾದ ಔಷಧವನ್ನು ‘ಸ್ವಲ್ಪ ಕೊಡಿ’ ಎಂದು ತಂದು, ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು, ಬಚ್ಚಲ ಗೂಡಿನಲ್ಲಿ ಇಡುವುದು ನಮ್ಮಲ್ಲಿ ಸಾಮಾನ್ಯ. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವೇ ಗುರುತು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಆ ಸೀಮೆಯ ಕನ್ನಡ, ತುಳು, ಮಲಯಾಳಂ ಮನೆಗಳಿಗೆ ತಂದ ದುಃಖ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಒಂದು ಕಾಲಕ್ಕೆ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್, ಗಿಡದ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳುಗಳನ್ನೂ 2020ರ ಡಿಸೆಂಬರ್ 31ರಿಂದ ಕೇಂದ್ರ ಸರ್ಕಾರ ನಿಷೇಧಿಸಿದೆ. ಹಳೆಯ ದಾಸ್ತಾನು ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಬಳಸಬಾರದು, ಗಟಾರಕ್ಕೂ ಸುರಿಯಬಾರದು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು ವಿಲೇವಾರಿಯ ಬಗ್ಗೆ ಕೃಷಿ ಇಲಾಖೆಯವರನ್ನು ಕೇಳಬೇಕು.

ಹೊಲದ ರೈತನಿಗೆ ಬೆಳೆ ಹೋದರೆ ವರ್ಷದ ಗಂಜಿ ಹೋದಂತೆ. ಹಿತ್ತಲಿನವರಿಗೆ ನಾಲ್ಕು ಬದನೆಕಾಯಿ ಹೋದರೆ ಏನು ಹೋಯಿತು? ಯಾವ ಹುಳು ಎಂಬ ಅನುಮಾನವಿದ್ದರೆ ಕಾಯಿಲೆ ಬಿದ್ದ ಎಲೆಯನ್ನು ಹಿಡಿದುಕೊಂಡು ಕೇಳಲು ಊರಲ್ಲೇ ಜಾಗವಿದೆ. ಧಾರವಾಡದಲ್ಲಿ 1947ರಿಂದ ಕೃಷಿ ಕಾಲೇಜು, 1986ರಿಂದ ಕೃಷಿ ವಿಶ್ವವಿದ್ಯಾಲಯ ಇವೆ. ಅಲ್ಲಿನ ಕೃಷಿ ಮೇಳಕ್ಕೆ ಹೋಗಿ ಬೀಜ ಕೊಂಡು ಬರುವವರು ಒಂದು ಪ್ರಶ್ನೆಯನ್ನೂ ಒಯ್ಯಬಹುದು.

ನೆರೆಮನೆ ಮತ್ತು ಮಂಗ್ಯಾ

ಇಷ್ಟೆಲ್ಲ ದಾಟಿ ಹೂ ಬಿಟ್ಟರೆ ಅದನ್ನು ನಸುಕಿನಲ್ಲೇ ಬೇರೊಬ್ಬರು ಹರಿದುಕೊಂಡು ಹೋಗಿರುತ್ತಾರೆ. ದೇವರಿಗೆ ಎಂದ ಮೇಲೆ ಕದ್ದ ಹೂವಿಗೂ ಪುಣ್ಯ ಎಂಬ ಧೋರಣೆ. ಜಗಳಕ್ಕಿಂತ ಉಪಾಯ ವಾಸಿ: ಕಂಪೌಂಡಿನ ಹೊರಗೆ ಬಾಗುವ ಒಂದು ಕಣಗಿಲೆಯನ್ನು ಓಣಿಗೆ ಬಿಟ್ಟುಕೊಟ್ಟರೆ ಒಳಗಿನ ದಾಸವಾಳ ಉಳಿಯುತ್ತದೆ. ಮಾವಿಗೆ ಕಲ್ಲೆಸೆಯುವ ಹುಡುಗರು, ಬಾಗಿಲು ತೆರೆದಿದ್ದರೆ ನುಗ್ಗುವ ದನ-ಆಡು, ಗಡ್ಡೆ ಅಗೆಯುವ ಹೆಗ್ಗಣ, ಚಿಕ್ಕು ಹಣ್ಣಿಗೆ ಬಾವಲಿ, ಎಲ್ಲಕ್ಕೂ ಮಿಗಿಲಾಗಿ ಮಂಗ್ಯಾ. ಅವುಗಳ ದಾರಿಯ ಮೇಲೆ ನಾವು ಬಡಾವಣೆ ಕಟ್ಟಿದೆವು, ಮತ್ತೆ ಅದರಲ್ಲಿ ಪೇರಲ ನೆಟ್ಟೆವು. ಅಕ್ಕರೆಯಿಂದ ಒಂದು ದಿನ ಬಾಳೆಹಣ್ಣು ಹಾಕಿದ ಮನೆಯನ್ನು ಅವು ವರ್ಷವಿಡೀ ಮರೆಯುವುದಿಲ್ಲ. ಹಾಕದಿರುವುದೇ ಮದ್ದು. ಕಚ್ಚಿದರೆ, ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬಿಸ್ ಲಸಿಕೆಗೆ ಅದೇ ದಿನ ಹೋಗಬೇಕು.

ನೆರೆಯವರೊಡನೆ ವ್ಯಾಜ್ಯಕ್ಕೆ ಮೂಲ ಹೆಚ್ಚಾಗಿ ಎಲೆ. ನಮ್ಮ ಮಾವಿನ ಎಲೆ ಅವರ ಅಂಗಳದಲ್ಲಿ, ಅವರ ಬೇವಿನ ಕಡ್ಡಿ ನಮ್ಮ ಮಾಳಿಗೆಯಲ್ಲಿ. ಸಿಟ್ಟಿಗೆ ಗಿಡವನ್ನೇ ಕಡಿಸಿಬಿಡುತ್ತೇವೆ ಎನ್ನುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯದೆಯನ್ನು ನೆನೆಯಬೇಕು. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಜಾಗದ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬಿದ್ದ ಎಲೆ ಸುಡುವುದು ಇನ್ನೊಂದು ದುರಭ್ಯಾಸ. ಹೊಗೆ ನೆರೆಮನೆಯ ಉಬ್ಬಸದವರಿಗೆ, ಗೊಬ್ಬರ ಯಾರಿಗೂ ಇಲ್ಲ. ಮೂಲೆಯಲ್ಲಿ ಒಂದು ಗುಂಡಿ ಅಗೆದರೆ ಎಲೆಯ ಜಗಳ ಆರು ತಿಂಗಳಲ್ಲಿ ಮಣ್ಣಾಗುತ್ತದೆ.

ಇಷ್ಟು ಓದಿ ಕೈತೋಟದ ಸಹವಾಸವೇ ಬೇಡ ಎನ್ನಬೇಕಾಗಿಲ್ಲ. ರೈತರ ಮಕ್ಕಳಾದ ನಮಗೆ ಊರು ಸೇರಿದ ಮೇಲೂ ಮಣ್ಣಿನ ಮೇಲಿನ ಪ್ರೀತಿ ಹೋಗಿಲ್ಲ. ಹೋದದ್ದು ಆ ಪ್ರೀತಿಯ ಜೊತೆಗಿದ್ದ ಎಚ್ಚರ. ಹಗಲೆಲ್ಲ ಹೊಲದಲ್ಲಿರುವ ಒಕ್ಕಲಿಗ ಹುಲ್ಲಿನ ಹೊರೆ ಎತ್ತುವ ಮುನ್ನ ಒಮ್ಮೆ ಕೋಲಿನಿಂದ ತಟ್ಟುತ್ತಾನೆ. ಅದನ್ನು ಅವನಿಗೆ ಯಾರೂ ಪುಸ್ತಕದಲ್ಲಿ ಹೇಳಿಕೊಡಲಿಲ್ಲ. ವಾರಕ್ಕೊಂದು ಗಂಟೆ ಹಿತ್ತಲಿಗೆ ಇಳಿಯುವ ನಾವು ಆ ಒಂದು ತಟ್ಟನ್ನು ಅವನಿಂದ ಕಲಿಯಬೇಕು. ಕಾಲಿಗೆ ಬೂಟು, ಕೈಗೆ ಗವಸು, ನೀರಿಗೆ ಮುಚ್ಚಳ, ಕತ್ತಲಿಗೆ ಬ್ಯಾಟರಿ. ಇಷ್ಟಿದ್ದರೆ ಹಿತ್ತಲ ಗಿಡ ಮದ್ದಾಗದಿದ್ದರೂ ಆಸ್ಪತ್ರೆಗೆ ದಾರಿಯಾಗುವುದಿಲ್ಲ.